ಬಣವೆಗೆ ಬಂದ ಎಲ್ಕ್: ಒಂದು ವರದಿಯ ವಿಮರ್ಶೆ

ನಮ್ಮ ಕಾಡುಗಳಲ್ಲಿರುವ ಕಡವೆಯನ್ನು ನೀವು ನೋಡಿರಬಹುದು. ಅದೇ ಕುಟುಂಬಕ್ಕೆ ಸೇರಿದ, ಸಾಮಾನ್ಯವಾಗಿ ಅದಕ್ಕಿಂತ ಭಾರವಾದ ಜಿಂಕೆಯೊಂದು ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿದೆ. ಅದರ ಹೆಸರು ಎಲ್ಕ್. ಗಂಡು ಸುಮಾರು 320 ಕಿಲೋಗ್ರಾಂ, ಹೆಣ್ಣು 225ರಿಂದ 240 ಕಿಲೋಗ್ರಾಂ ತೂಗುತ್ತದೆ. ಶಾನೀ ಬುಡಕಟ್ಟಿನವರ ಭಾಷೆಯಿಂದ ಬಂದ 'ವಾಪಿಟಿ' ಎಂಬ ಹೆಸರೂ ಇದಕ್ಕಿದೆ. (ಯೂರೋಪಿನ ಪುಸ್ತಕಗಳಲ್ಲಿ 'ಎಲ್ಕ್' ಎಂದರೆ ಬೇರೆಯೇ ಪ್ರಾಣಿ. ಅದನ್ನು ಅಮೆರಿಕದವರು ಮೂಸ್ ಎನ್ನುತ್ತಾರೆ. ವಿದ್ಯಾರ್ಥಿಗಳು ಈ ಎರಡನ್ನು ಗೊಂದಲ ಮಾಡಿಕೊಳ್ಳಬಾರದು.)

ಬೇಸಿಗೆಯಲ್ಲಿ ಎಲ್ಕ್ ಹಿಂಡುಗಳು ಎತ್ತರದ ಹುಲ್ಲುಗಾವಲುಗಳಲ್ಲಿರುತ್ತವೆ. ಹಿಮ ಬೀಳಲಾರಂಭಿಸಿದೊಡನೆ ಕಣಿವೆಗಿಳಿಯುತ್ತವೆ. ಸಮಸ್ಯೆ ಶುರುವಾಗುವುದು ಅಲ್ಲಿಯೇ. ಸುಮಾರು ನೂರೈವತ್ತು ವರ್ಷಗಳಿಂದೀಚೆಗೆ ಆ ಕಣಿವೆಗಳಲ್ಲಿ ದನ ಸಾಕುವವರು ನೆಲೆಸಿದ್ದಾರೆ. ನೂರಾರು, ಸಾವಿರಾರು ಎಕರೆ ವಿಸ್ತಾರದ ಅವರ ಜಮೀನುಗಳನ್ನು ರಾಂಚ್ ಎನ್ನುತ್ತಾರೆ. ಬೇಸಿಗೆಯಲ್ಲಿ ಕೊಯ್ದು ಒಣಗಿಸಿದ ಹುಲ್ಲನ್ನು ಅವರು ಚಳಿಗಾಲಕ್ಕೆಂದು ಬಣವೆ ಒಟ್ಟಿ ಇಟ್ಟಿರುತ್ತಾರೆ. ಹಿಮದಡಿಯ ಒಣ ಕಡ್ಡಿಯನ್ನು ಗೊರಸಿನಿಂದ ಕೆದಕಿ ತಿನ್ನುವ ಎಲ್ಕ್‌ಗೆ ಆ ಬಣವೆ ಕಂಡರೆ ಬಿಟ್ಟೀತೇ? ಬೇಲಿ ಮುರಿದು ಒಳನುಗ್ಗುತ್ತವೆ. ತಿಂದದ್ದಕ್ಕಿಂತ ತುಳಿದು, ಉಚ್ಚೆ ಹೊಯ್ದು ಕೆಡಿಸಿದ್ದೇ ಹೆಚ್ಚಾಗುವುದೂ ಉಂಟು. ರಾಂಚಿನವನು ಬಂದೂಕು ತೆಗೆದುಕೊಂಡು ಹೊಡೆಯುವಂತಿಲ್ಲ. ಅಮೆರಿಕದ ಕಾನೂನಿನಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನದಲ್ಲ, ಜನರ ಪರವಾಗಿ ರಾಜ್ಯ ಕಾಪಾಡುವ ಸ್ವತ್ತು. ಹುಲ್ಲು ಒಬ್ಬನದು, ಅದನ್ನು ತಿನ್ನುವ ಪ್ರಾಣಿ ಎಲ್ಲರದು. ಜಗಳಕ್ಕೆ ಇಷ್ಟು ಸಾಲದೇ?

ಹುಲ್ಲಿನ ಈ ಜಗಳ ಕಾಲಕ್ರಮದಲ್ಲಿ ರೋಗದ ಜಗಳವಾಗಿ ಬೆಳೆಯಿತು. ಅದನ್ನು ಕುರಿತು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2017ರಲ್ಲಿ ಪ್ರಕಟಿಸಿದ ವರದಿಯೇ ಈ ಲೇಖನದ ವಸ್ತು. 'ಮಹಾ ಯೆಲ್ಲೊಸ್ಟೋನ್ ಪ್ರದೇಶದ ಬ್ರುಸೆಲ್ಲೋಸಿಸ್: ಮರುಪರಿಶೀಲನೆ' ಎಂದು ಅದರ ಶೀರ್ಷಿಕೆಯನ್ನು ಕನ್ನಡಿಸಬಹುದು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವನ್ನೂ ಅದರ ಸುತ್ತಲಿನ ವಯೋಮಿಂಗ್, ಮೊಂಟಾನ, ಇಡಾಹೊ ರಾಜ್ಯಗಳ ಭಾಗಗಳನ್ನೂ ಒಟ್ಟಾಗಿ ಹೀಗೆ ಕರೆಯುತ್ತಾರೆ. ಇದೇ ವಿಷಯದ ಮೇಲೆ 1998ರಲ್ಲಿ ಒಂದು ವರದಿ ಬಂದಿತ್ತು. ಎರಡನೆಯದು ಮೊದಲನೆಯದರ ಮುಖ್ಯ ತೀರ್ಮಾನವನ್ನು ಬದಲಿಸುತ್ತದೆ. ವಿಜ್ಞಾನ ತನ್ನನ್ನು ತಾನು ತಿದ್ದಿಕೊಳ್ಳುತ್ತದೆ ಎಂದು ತರಗತಿಯಲ್ಲಿ ಹೇಳುತ್ತಲೇ ಇರುತ್ತೇವೆ. ಹೇಗೆ ತಿದ್ದಿಕೊಳ್ಳುತ್ತದೆ ಎಂದು ತೋರಿಸಲು ಇಂಥ ಜೋಡಿ ಸಿಗುವುದು ಅಪರೂಪ. ಈ ವರದಿಯನ್ನು ನಾನು ಮೆಚ್ಚಲು ಅದೊಂದು ಕಾರಣ. ಮೆಚ್ಚದಿರುವ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ರೋಗ. ಗಬ್ಬದ ಹಸು ಅವಧಿಗೆ ಮುಂಚೆ ಕಂದು ಹಾಕುವುದನ್ನು ನಮ್ಮ ರೈತರು ಬಲ್ಲರು. ಅದಕ್ಕೆ ಹಲವು ಕಾರಣಗಳಿವೆ. ಬ್ರುಸೆಲ್ಲಾ ಅಬಾರ್ಟಸ್ ಎಂಬ ಬ್ಯಾಕ್ಟೀರಿಯ ಅವುಗಳಲ್ಲಿ ಒಂದು. ಮೆಲುಕು ಹಾಕುವ ಪ್ರಾಣಿಗಳ ಮಾಸಿನಲ್ಲಿ ಎರಿತ್ರಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತುವಿದ್ದು, ಅದು ಈ ಬ್ಯಾಕ್ಟೀರಿಯಕ್ಕೆ ಪ್ರಿಯವಾದ ಆಹಾರ. ಹೀಗಾಗಿ ಗರ್ಭಕೋಶದಲ್ಲಿ ಅದು ವಿಪರೀತ ಹೆಚ್ಚುತ್ತದೆ, ಗರ್ಭ ಬಿದ್ದುಹೋಗುತ್ತದೆ. ಬಿದ್ದ ಭ್ರೂಣ, ಮಾಸು, ದ್ರವಗಳಲ್ಲೆಲ್ಲ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು. ಅದನ್ನು ಮೂಸಿದ, ನೆಕ್ಕಿದ ಇನ್ನೊಂದು ಪ್ರಾಣಿಗೆ ಸೋಂಕು ತಗಲುತ್ತದೆ. ಕಾಯಿಸದ ಹಾಲಿನಿಂದಲೂ ಸೋಂಕಿತ ಪ್ರಾಣಿಯ ಹೆರಿಗೆ ಮಾಡಿಸುವಾಗಲೂ ಮನುಷ್ಯರಿಗೆ ಬರಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ಅದರ ಲಕ್ಷಣಗಳು. ಇದು ನಮಗೂ ದೂರದ ವಿಷಯವಲ್ಲ. 2019ರಲ್ಲಿ ಭಾರತ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕಲಾಗುತ್ತದೆ. ಆ ಲಸಿಕೆಯ ಹೆಸರು 'ಎಸ್ 19'. ಹೆಸರನ್ನು ನೆನಪಿಡಿ, ಎಲ್ಕ್ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಉತ್ತರ ಅಮೆರಿಕಕ್ಕೆ ಈ ರೋಗ ಬಂದದ್ದು ಯೂರೋಪಿನವರು ತಂದ ದನಗಳೊಂದಿಗೆ. ಯೆಲ್ಲೊಸ್ಟೋನಿನ ಬೈಸನ್‌ಗಳಲ್ಲಿ 1917ರಲ್ಲಿ ಮೊದಲಿಗೆ ಪತ್ತೆಯಾಯಿತು. ಎಂದರೆ ದನದಿಂದ ಕಾಡುಪ್ರಾಣಿಗೆ ಹೋದ ರೋಗ ಇದು. ಅನಂತರ 1934ರಿಂದ ದೇಶದಾದ್ಯಂತ ದನಗಳಲ್ಲಿ ಇದನ್ನು ನಿರ್ಮೂಲ ಮಾಡುವ ಕಾರ್ಯಕ್ರಮ ನಡೆಯಿತು. ಪರೀಕ್ಷೆ, ಲಸಿಕೆ, ಸೋಂಕಿತ ಪ್ರಾಣಿಗಳ ವಧೆ, ಹೀಗೆ ದಶಕಗಳ ಕಾಲ ಅಪಾರ ಹಣ ಸುರಿದು ದನಗಳಿಂದ ರೋಗವನ್ನು ಹೆಚ್ಚುಕಡಿಮೆ ತೊಡೆದುಹಾಕಿದರು. ಉಳಿದದ್ದು ಒಂದೇ ಮೂಲೆ, ಯೆಲ್ಲೊಸ್ಟೋನ್ ಸುತ್ತಲಿನ ಬೈಸನ್ ಮತ್ತು ಎಲ್ಕ್. ದನ ಕೊಟ್ಟ ರೋಗವನ್ನು ಕಾಡುಪ್ರಾಣಿ ಈಗ ದನಕ್ಕೆ ಹಿಂದಿರುಗಿಸುತ್ತಿದೆ.

1998ರ ವರದಿಯ ಕಾಲದಲ್ಲಿ ಎಲ್ಲರ ಕಣ್ಣು ಇದ್ದದ್ದು ಬೈಸನ್ ಮೇಲೆ. ಉದ್ಯಾನದ ಗಡಿ ದಾಟಿದ ಬೈಸನ್‌ಗಳನ್ನು ಕೊಲ್ಲುತ್ತಿದ್ದರು. 1996–97ರ ಒಂದೇ ಚಳಿಗಾಲದಲ್ಲಿ ಸಾವಿರಕ್ಕೂ ಹೆಚ್ಚು ಬೈಸನ್‌ಗಳನ್ನು ಹೀಗೆ ಕೊಲ್ಲಲಾಯಿತು. ಎಲ್ಕ್‌ಗಳಲ್ಲೂ ಸೋಂಕು ಇರುವುದು ಗೊತ್ತಿತ್ತು. ಆದರೆ ಚಳಿಗಾಲದಲ್ಲಿ ಮೇವು ಹಾಕುವ ಜಾಗಗಳಲ್ಲಿ ಬಿಟ್ಟರೆ ಬೇರೆಡೆ ಎಲ್ಕ್‌ಗಳಲ್ಲಿ ರೋಗ ತಾನಾಗಿ ಉಳಿಯಲಾರದು ಎಂಬುದು ಅಂದಿನ ತಿಳಿವಳಿಕೆ.

2017ರ ವರದಿ ಹೇಳುವುದು ಬೇರೆ. 1998ರ ನಂತರ ಮೂರು ರಾಜ್ಯಗಳಲ್ಲಿ 22 ದನದ ಹಿಂಡುಗಳಿಗೂ ಖಾಸಗಿಯಾಗಿ ಸಾಕಿದ 5 ಬೈಸನ್ ಹಿಂಡುಗಳಿಗೂ ಸೋಂಕು ತಗಲಿತ್ತು. ಎಲ್ಲದರ ಮೂಲವೂ ಎಲ್ಕ್. ಕಾಡು ಬೈಸನ್‌ನಿಂದ ದನಕ್ಕೆ ಬಂದದ್ದು ಒಂದೂ ಇಲ್ಲ! ಇದು ತಿಳಿದದ್ದು ಹೇಗೆ? ಬ್ಯಾಕ್ಟೀರಿಯದ ಇಡೀ ಜೀನೋಮನ್ನು ಓದುವ ವಿಧಾನ ಇಲ್ಲಿ ನೆರವಾಯಿತು. ಕಾಲ ಕಳೆದಂತೆ ಬ್ಯಾಕ್ಟೀರಿಯದ ಡಿಎನ್‌ಎಯಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿಕೊಳ್ಳುತ್ತವೆ. ಎರಡು ಮಾದರಿಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದಷ್ಟೂ ಅವು ಹತ್ತಿರದ ಸಂಬಂಧಿಗಳು. ಹಳೆಯ ಹಸ್ತಪ್ರತಿಗಳಲ್ಲಿ ನಕಲುಗಾರರ ತಪ್ಪುಗಳನ್ನು ಹೋಲಿಸಿ ಯಾವ ಪ್ರತಿಯಿಂದ ಯಾವುದು ಬಂತೆಂದು ವಿದ್ವಾಂಸರು ಗುರುತಿಸುವುದಿಲ್ಲವೇ, ಹಾಗೆ. ದಶಕಗಳಿಂದ ಸಂಗ್ರಹಿಸಿದ್ದ ಮಾದರಿಗಳನ್ನು ಹೀಗೆ ಹೋಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದನಗಳ ಸೋಂಕು ಎಲ್ಕ್‌ಗಳ ಸೋಂಕಿಗೆ ಅತಿ ಸಮೀಪವಾಗಿರುವುದು ಕಂಡುಬಂತು. ಎಲ್ಕ್‌ಗಳಲ್ಲಿ ಸೋಂಕು ವರ್ಷಕ್ಕೆ ಸುಮಾರು 3ರಿಂದ 8 ಕಿಲೋಮೀಟರ್ ವೇಗದಲ್ಲಿ ಹರಡುತ್ತಿದೆ ಎಂಬ ಅಂದಾಜೂ ದೊರೆಯಿತು. ಮೇವು ಹಾಕದ ಕಡೆಗಳಲ್ಲಿಯೂ ಅದು ನೆಲೆಯೂರಿದೆ.

ಲೆಕ್ಕವನ್ನೂ ನೋಡಿ. ಆ ಪ್ರದೇಶದಲ್ಲಿ ಬೈಸನ್‌ಗಳು ಸುಮಾರು 5,500. ಎಲ್ಕ್‌ಗಳು ಸುಮಾರು ಒಂದು ಲಕ್ಷ ಇಪ್ಪತ್ತೈದು ಸಾವಿರ. ಬೈಸನ್‌ಗಳಲ್ಲಿ ಸೋಂಕಿನ ಪ್ರಮಾಣ ಹೆಚ್ಚೇ. ಆದರೆ ಅವು ಗುಂಪಾಗಿ, ಕಣ್ಣಿಗೆ ಕಾಣುವಂತೆ ಸಾಗುತ್ತವೆ. ತಡೆಯುವುದು ಸುಲಭ, ಕಾವಲೂ ಇದೆ. ಎಲ್ಕ್ ರಾತ್ರಿ ಬೇಲಿ ಹಾರಿ ಬಂದು ಬೆಳಗಾಗುವುದರೊಳಗೆ ಹೋಗಿರುತ್ತದೆ. ಅಪಾಯವನ್ನು ಅಳೆಯುವಾಗ ಸೋಂಕಿನ ಶೇಕಡಾವಾರು ಪ್ರಮಾಣ ಮಾತ್ರ ನೋಡಿದರೆ ಸಾಲದು, ಸಂಪರ್ಕದ ಅವಕಾಶವನ್ನೂ ಗುಣಿಸಬೇಕು. 1998ರಲ್ಲಿ ಎಡವಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಹಳೆಯ ಸಮಿತಿಯನ್ನು ಹಳಿಯಬೇಕಾಗಿಲ್ಲ. ಅವರ ಬಳಿ ಜೀನೋಮ್ ಓದುವ ಸಾಧನ ಇರಲಿಲ್ಲ. ಹೊಸ ಸಮಿತಿ ತನ್ನ ಮೊದಲ ಶಿಫಾರಸಿನಲ್ಲೇ, ಎಲ್ಕ್‌ನಿಂದ ಹರಡುವುದನ್ನು ತಡೆಯಲು ಆದ್ಯತೆ ಕೊಡಿ ಎಂದು ನೇರವಾಗಿ ಹೇಳಿದೆ. ಸರ್ಕಾರಿ ಇಲಾಖೆಯೊಂದರ ಕೋರಿಕೆಯಿಂದ ಸಿದ್ಧವಾದ ವರದಿ ಇಷ್ಟು ನೇರವಾಗಿ ಮಾತಾಡುವುದು ಎಲ್ಲ ದೇಶಗಳಲ್ಲೂ ಕಾಣುವ ಸಂಗತಿಯಲ್ಲ.

ಈಗ ಕಥೆಯ ಜಟಿಲ ಭಾಗ, ಮೇವುತಾಣಗಳು. ವಯೋಮಿಂಗ್ ರಾಜ್ಯದ ಜಾಕ್ಸನ್ ಕಣಿವೆಯಲ್ಲಿ 1909ರಿಂದ 1911ರವರೆಗಿನ ಕಠಿಣ ಚಳಿಗಾಲಗಳಲ್ಲಿ ಸಾವಿರಾರು ಎಲ್ಕ್‌ಗಳು ಹಸಿವಿನಿಂದ ಸತ್ತವು. ಸ್ಟೀಫನ್ ಲೀಕ್ ಎಂಬ ರಾಂಚರ್ ತೆಗೆದ ಛಾಯಾಚಿತ್ರಗಳು ದೇಶದ ಗಮನ ಸೆಳೆದವು. ಹಸಿದ ಎಲ್ಕ್‌ಗಳು ಬಣವೆಗಳಿಗೆ ಮುತ್ತಿಗೆ ಹಾಕುತ್ತಿದ್ದವು. ಅವುಗಳಿಗೆ ತಮ್ಮ ಹುಲ್ಲನ್ನೇ ಹಾಕಿದ ರಾಂಚಿನವರೂ ಇದ್ದರು. 1912ರಲ್ಲಿ ಅಲ್ಲಿ ರಾಷ್ಟ್ರೀಯ ಎಲ್ಕ್ ರಕ್ಷಣಾಧಾಮ ಸ್ಥಾಪನೆಯಾಯಿತು. ಮುಂದೆ ರಾಜ್ಯ ಸರ್ಕಾರವೂ ಇಪ್ಪತ್ತರಷ್ಟು ಮೇವುತಾಣಗಳನ್ನು ತೆರೆಯಿತು. ಒಟ್ಟು 20 ಸಾವಿರದ ಆಸುಪಾಸಿನ ಎಲ್ಕ್‌ಗಳು ಚಳಿಗಾಲದಲ್ಲಿ ಇಂಥ ಕಡೆ ಸೇರುತ್ತವೆ.

ಉಪಾಯ ಸರಳ. ಬಣವೆಯ ದಾರಿಯಲ್ಲೇ ಮೇವು ಹಾಕಿದರೆ ಎಲ್ಕ್ ಅಲ್ಲೇ ನಿಲ್ಲುತ್ತದೆ, ಬಣವೆ ಉಳಿಯುತ್ತದೆ. ಎಲ್ಕ್ ಸಾಯುವುದೂ ತಪ್ಪುತ್ತದೆ, ಬೇಟೆಗಾರರಿಗೆ ಶರತ್ಕಾಲದಲ್ಲಿ ಪ್ರಾಣಿಯೂ ಸಿಗುತ್ತದೆ. ವಯೋಮಿಂಗ್ ಕಾನೂನಿನ ಪ್ರಕಾರ ಇಂಥ ಪ್ರಾಣಿಗಳು ಮಾಡಿದ ಬೆಳೆ, ಮೇವಿನ ನಷ್ಟಕ್ಕೆ ರಾಜ್ಯ ಪರಿಹಾರ ಕೊಡಬೇಕು. ಹೀಗಾಗಿ ಪರಿಹಾರ ಕೊಡುವ ಬದಲು ಹುಲ್ಲು ಹಾಕುವುದು ಲಾಭವೆಂದೂ ತೋರುತ್ತದೆ. ತರಗತಿಯಲ್ಲಿ ಒಂದು ಲೆಕ್ಕ ಹಾಕಿಸಿ. ಒಂದು ಎಲ್ಕ್‌ಗೆ ದಿನಕ್ಕೆ ಸುಮಾರು 4 ಕಿಲೋಗ್ರಾಂ ಒಣಹುಲ್ಲು ಎಂದಿಟ್ಟುಕೊಳ್ಳಿ. 500 ಎಲ್ಕ್‌ಗಳ ಒಂದು ಹಿಂಡಿಗೆ 100 ದಿನಗಳಿಗೆ ಎಷ್ಟಾಯಿತು? 200 ಟನ್. ಒಂದು ತಾಣದ, ಒಂದು ಚಳಿಗಾಲದ ಲೆಕ್ಕವಷ್ಟೇ ಇದು.

ಈ ವೆಚ್ಚದಲ್ಲಿ ಕಾಣದ ವೆಚ್ಚವೊಂದಿದೆ. ಬ್ರುಸೆಲ್ಲಾ ಸೋಂಕಿನ ಎಲ್ಕ್ ಕಂದು ಹಾಕುವುದು ಹೆಚ್ಚಾಗಿ ಫೆಬ್ರವರಿಯ ನಂತರ, ಚಳಿಗಾಲದ ಕೊನೆ ಮತ್ತು ವಸಂತದಲ್ಲಿ. ಸಹಜವಾಗಿ ಮರಿ ಹಾಕುವುದು ಮೇ ಕೊನೆ, ಜೂನ್ ತಿಂಗಳಲ್ಲಿ. ಆಗ ಹೆಣ್ಣು ಹಿಂಡು ಬಿಟ್ಟು ಒಂಟಿಯಾಗಿ ಮರೆಗೆ ಹೋಗುತ್ತದೆ, ಸ್ಥಳವನ್ನೂ ನೆಕ್ಕಿ ಶುಚಿ ಮಾಡುತ್ತದೆ. ಸೋಂಕು ಇನ್ನೊಂದಕ್ಕೆ ಹೋಗುವ ಅವಕಾಶ ಕಡಿಮೆ. ಆದರೆ ಕಂದು ಬೀಳುವ ಕಾಲಕ್ಕೆ ನೂರಾರು ಎಲ್ಕ್‌ಗಳನ್ನು ಹುಲ್ಲಿನ ಸಾಲಿನ ಮೇಲೆ ಒತ್ತೊತ್ತಾಗಿ ನಿಲ್ಲಿಸಿದವರು ಯಾರು? ಒಂದು ಭ್ರೂಣ ಬಿದ್ದರೆ ಹತ್ತಾರು ಹೆಣ್ಣುಗಳು ಮೂಸುತ್ತವೆ. ಚಳಿಯಲ್ಲಿ, ನೆರಳಿನಲ್ಲಿ ಬ್ಯಾಕ್ಟೀರಿಯ ಹೆಚ್ಚು ದಿನ ಬದುಕುತ್ತದೆ. ಬಣವೆ ಉಳಿಸಲು ಮಾಡಿದ ವ್ಯವಸ್ಥೆ ರೋಗಕ್ಕೆ ಸಂತೆಯಾಯಿತು.

ಇದಕ್ಕೆ ಮದ್ದು ಹುಡುಕಿದ ಪ್ರಯತ್ನಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. 1985ರಲ್ಲಿ ಎಸ್ 19 ಲಸಿಕೆಯನ್ನು ಎಲ್ಕ್‌ಗಳಿಗೆ ಕೊಡಲಾರಂಭಿಸಿದರು. ಹಿಡಿದು ಚುಚ್ಚುವುದು ಆಗದ ಮಾತು, ಆದ್ದರಿಂದ ಲಸಿಕೆಯನ್ನು ದೇಹದಲ್ಲಿ ಕರಗುವ ಗುಂಡಿನಲ್ಲಿ ತುಂಬಿ ಗಾಳಿಬಂದೂಕಿನಿಂದ ಹೊಡೆಯುತ್ತಿದ್ದರು. ಮೂವತ್ತು ವರ್ಷ ನಡೆಸಿ 2015ರಲ್ಲಿ ನಿಲ್ಲಿಸಿದರು. ಸೋಂಕಿನ ಪ್ರಮಾಣದಲ್ಲಿ ಅದರಿಂದ ಗುರುತಿಸಬಹುದಾದ ಇಳಿಕೆ ಆಗಿರಲಿಲ್ಲ. ದನದಲ್ಲಿ ಉಪಯೋಗಕ್ಕೆ ಬಂದ ಲಸಿಕೆ ಎಲ್ಕ್‌ನಲ್ಲೂ ಬರುತ್ತದೆಂದು ಊಹಿಸುವಂತಿಲ್ಲ. ಮೂವತ್ತು ವರ್ಷ ಹೆಚ್ಚಾಯಿತಲ್ಲವೇ ಎಂದು ಕೇಳುವ ಹಕ್ಕು ನಮಗಿದೆ. ಲಸಿಕೆ ಹಾಕದ ತಾಣಗಳನ್ನು ಆರಂಭದಿಂದಲೇ ಸರಿಯಾದ ಸಂಖ್ಯೆಯಲ್ಲಿ ಹೋಲಿಕೆಗೆ ಇಟ್ಟುಕೊಂಡಿದ್ದರೆ ಉತ್ತರ ಬೇಗ ಸಿಗುತ್ತಿತ್ತು.

ಎರಡನೆಯ ಪ್ರಯತ್ನ ಪರೀಕ್ಷಿಸಿ ವಧಿಸುವುದು. 2006ರಿಂದ 2010ರವರೆಗೆ ಮಡ್ಡಿ ಕ್ರೀಕ್ ಮೊದಲಾದ ಮೂರು ಮೇವುತಾಣಗಳಲ್ಲಿ ಹೆಣ್ಣು ಎಲ್ಕ್‌ಗಳನ್ನು ದೊಡ್ಡಿಗೆ ಸೇರಿಸಿ, ರಕ್ತ ಪರೀಕ್ಷಿಸಿ, ಪ್ರತಿಕಾಯ ಕಂಡ ಸುಮಾರು 200 ಪ್ರಾಣಿಗಳನ್ನು ಕೊಂದರು. ಮಡ್ಡಿ ಕ್ರೀಕ್‌ನಲ್ಲಿ ಪ್ರತಿಕಾಯವಿದ್ದ ಪ್ರಾಣಿಗಳ ಪ್ರಮಾಣ ಶೇಕಡಾ 37ರಿಂದ 5ಕ್ಕೆ ಇಳಿಯಿತು. ಯಶಸ್ಸಲ್ಲವೇ? ಖರ್ಚು ಹತ್ತು ಲಕ್ಷ ಡಾಲರಿಗೂ ಹೆಚ್ಚು. ನಿಲ್ಲಿಸಿದ ಮೇಲೆ ಪ್ರಮಾಣ ಮತ್ತೆ ಏರಿತು. ಪ್ರತಿಕಾಯ ಇದ್ದ ಮಾತ್ರಕ್ಕೆ ಪ್ರಾಣಿ ಈಗಲೂ ಸೋಂಕು ಹರಡುತ್ತಿದೆ ಎಂದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರೋಗ ಬಂದು ಗೆದ್ದವೂ ಆ 200ರಲ್ಲಿ ಇದ್ದಿರಬೇಕು. ಹಿಂಡಿನಲ್ಲಿ ರೋಗನಿರೋಧಶಕ್ತಿ ಪಡೆದವನ್ನೇ ತೆಗೆದುಹಾಕಿದಂತಾಯಿತು.

ಇವಕ್ಕಿಂತ ಅಗ್ಗವಾದ, ಸದ್ದಿಲ್ಲದ ಎರಡು ಉಪಾಯಗಳು ನನಗೆ ಹೆಚ್ಚು ಹಿಡಿಸಿದವು. ಹುಲ್ಲನ್ನು ಉದ್ದ ಸಾಲಾಗಿ ಹಾಕುವ ಬದಲು ವಿಶಾಲ ಪ್ರದೇಶದಲ್ಲಿ ಸಣ್ಣ ಸಣ್ಣ ಗುಡ್ಡೆಗಳಾಗಿ ಚೆದುರಿಸಿ ಹಾಕಿ ನೋಡಿದರು. ಎಲ್ಕ್‌ಗಳು ಭ್ರೂಣವನ್ನು ಸಂಪರ್ಕಿಸುವುದು ಬಹುಪಾಲು ತಗ್ಗಿತು. ಮೇವು ಹಾಕುವುದನ್ನು ವಸಂತದಲ್ಲಿ ಕೆಲವು ವಾರ ಮುಂಚೆ ನಿಲ್ಲಿಸುವುದು ಇನ್ನೊಂದು. ಮೇವು ಹಾಕುವ ಅವಧಿ ದೀರ್ಘವಾಗಿದ್ದ ತಾಣಗಳಲ್ಲಿ ಸೋಂಕು ಹೆಚ್ಚೆಂದು 2007ರ ಅಧ್ಯಯನವೊಂದು ತೋರಿಸಿತ್ತು. ಇನ್ನು ನರಿ, ಕೊಯೋಟ್ ಮತ್ತು ಕಾಗೆ ಜಾತಿಯ ಹಕ್ಕಿಗಳು ಬಿದ್ದ ಭ್ರೂಣವನ್ನು ಬೇಗನೆ ತಿಂದು ಮುಗಿಸುತ್ತವೆ. ಸಂಬಳವಿಲ್ಲದ ಈ ಜಾಡಮಾಲಿಗಳನ್ನು ಮೇವುತಾಣದ ಬಳಿ ಕೊಲ್ಲದೆ ಬಿಟ್ಟರೂ ಒಂದಿಷ್ಟು ಉಪಕಾರವೇ.

2017ರ ವರದಿಯ ಮೂರನೆಯ ಶಿಫಾರಸು ಮೇವುತಾಣಗಳ ಬಳಕೆಯನ್ನು ಕ್ರಮೇಣ ತಗ್ಗಿಸಿ ಎನ್ನುತ್ತದೆ. ಹಂತ ಹಂತವಾಗಿ, ಕೆಲವನ್ನು ಮುಚ್ಚಿ, ಕೆಲವನ್ನು ಹೋಲಿಕೆಗಾಗಿ ಉಳಿಸಿಕೊಂಡು, ಪ್ರಯೋಗದಂತೆ ನಡೆಸಬೇಕು. ಎಲ್ಕ್‌ಗಳ ಆರೋಗ್ಯ, ಸಂಖ್ಯೆ, ದನಕ್ಕೆ ಹರಡುವ ಅಪಾಯ ಇವನ್ನೆಲ್ಲ ಅಳೆಯುತ್ತ ಹೋಗಬೇಕು. ಲಸಿಕೆಯ ಮೂವತ್ತು ವರ್ಷಗಳ ಪಾಠ ಇದರ ಹಿಂದಿದೆಯೆಂದು ಊಹಿಸಬಹುದು. ವಿಜ್ಞಾನದ ದೃಷ್ಟಿಯಿಂದ ಇದಕ್ಕೆ ತಪ್ಪು ಹೇಳಲಾರೆ.

ನನ್ನ ಆಕ್ಷೇಪ ಇರುವುದು ಇನ್ನೊಂದು ಕಡೆ. ಮೇವುತಾಣ ಮುಚ್ಚಿದ ಮೇಲೆ ಆ ಎಲ್ಕ್ ಎಲ್ಲಿಗೆ ಹೋಗಬೇಕು? ಹಿಮ ಬಿದ್ದ ಮೇಲೆ ಅದಕ್ಕೆ ಬೇಕಾದ ತಗ್ಗಿನ ನೆಲದಲ್ಲಿ ರಾಂಚಿದೆ, ಮನೆಗಳಿವೆ, ಹೆದ್ದಾರಿಯಿದೆ. ಮುಚ್ಚಿದ ವರ್ಷವೇ ಅದು ದನದ ಮೇವಿನ ಮುಂದೆ, ಹೆಚ್ಚು ಸೋಂಕಿನೊಂದಿಗೆ, ನಿಲ್ಲುತ್ತದೆ. ರಾಂಚಿನವರ ಭಯ ಇದು, ಆಧಾರವಿಲ್ಲದ ಭಯವೇನಲ್ಲ. ಜಮೀನಿನ ಬಳಕೆ ಹೇಗೆ ಬದಲಾಗುತ್ತಿದೆ, ಅದರಿಂದ ರೋಗದ ಅಪಾಯ ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆಯನ್ನು ವರದಿ ಮರೆತಿಲ್ಲ. ಅದಕ್ಕೆ ಚರ್ಚೆಯಲ್ಲಿ ಜಾಗವಿದೆ. ಆದರೆ ಶಿಫಾರಸುಗಳಿಗೆ ಬರುವಾಗ ಏಳನೆಯ, ಕೊನೆಯ ಶಿಫಾರಸಿನಲ್ಲಿ, ಮುಂದಿನ ಸಂಶೋಧನೆಯ ಪಟ್ಟಿಯಲ್ಲಿ ಅದನ್ನು ಇಡಲಾಗಿದೆ.  ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಈ ಜಗಳ ಹುಟ್ಟಿದ್ದೇ ಚಳಿಗಾಲದ ನೆಲ ಯಾರದು ಎಂಬುದರಿಂದ. ಬ್ಯಾಕ್ಟೀರಿಯ ಆಮೇಲೆ ಸೇರಿಕೊಂಡಿತು.

ಹಾಗೆ ಹೇಳಲು ಒಂದು ಉದಾಹರಣೆಯಿದೆ. ಯೆಲ್ಲೊಸ್ಟೋನಿನಿಂದ ಉತ್ತರಕ್ಕೆ ದೂರದಲ್ಲಿ, ಮೊಂಟಾನ ರಾಜ್ಯದ ಸನ್ ನದಿಯ ಪ್ರದೇಶ. ಅಲ್ಲಿಯೂ ಬೆಟ್ಟದಿಂದಿಳಿದ ಎಲ್ಕ್‌ಗಳು ರಾಂಚುಗಳಿಗೆ ನುಗ್ಗುತ್ತಿದ್ದವು. ಕುದುರೆಯೇರಿ ಅವನ್ನು ಹಿಂದಕ್ಕಟ್ಟುವುದೇ ಕೆಲವರಿಗೆ ಚಳಿಗಾಲದ ಕೆಲಸವಾಗಿತ್ತು. ತನ್ನ ಜಮೀನಿನಲ್ಲಿ ಎಲ್ಕ್ ಕೊಂದ ರಾಂಚಿನ ಒಡೆಯನೊಬ್ಬನಿಗೆ ಶಿಕ್ಷೆಯಾಗಿ, ಮೊಕದ್ದಮೆ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬೇರೆ ದಾರಿಯಿಲ್ಲದಾಗ ಆಸ್ತಿಯನ್ನು ಕಾಪಾಡಿಕೊಳ್ಳುವ ಹಕ್ಕು ಅವನಿಗಿದೆ ಎಂದು ನ್ಯಾಯಾಲಯ 1940ರಲ್ಲಿ ಶಿಕ್ಷೆಯನ್ನು ರದ್ದು ಮಾಡಿತು. ಅಲ್ಲಿಗೆ ಜಗಳ ಮುಗಿಯಲಿಲ್ಲ. ಮುಂದೆ 1940ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಬೆಟ್ಟದ ಬುಡದಲ್ಲಿ ಸುಮಾರು 20 ಸಾವಿರ ಎಕರೆ ಜಮೀನನ್ನು ಕೊಂಡು ಎಲ್ಕ್‌ಗಳ ಚಳಿಗಾಲಕ್ಕೆ ಬಿಟ್ಟಿತು. ಅಲ್ಲಿ ಮೇವು ಹಾಕುವುದಿಲ್ಲ. ಗಾಳಿ ಹಿಮವನ್ನು ಹಾರಿಸಿದ ಬಯಲಿನಲ್ಲಿ ನಿಂತ ಹುಲ್ಲನ್ನೇ ಅವು ಮೇಯುತ್ತವೆ. ಚಳಿಗಾಲ ಪೂರ್ತಿ ಜನರಿಗೆ ಅತ್ತ ಪ್ರವೇಶವಿಲ್ಲ.

ಸನ್ ನದಿಯಲ್ಲಿ ಆದದ್ದು ಜಾಕ್ಸನ್‌ನಲ್ಲೂ ಆಗಬಹುದಿತ್ತು ಎಂದು ಸುಲಭವಾಗಿ ಹೇಳಲಾಗದು. ಜಾಕ್ಸನ್‌ನ ಹಿಮ ಹೆಚ್ಚು ಆಳ. ಅಲ್ಲಿಯ ಜಮೀನು ಈಗ ಅಮೆರಿಕದಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಸನ್ ನದಿಯ ಸುತ್ತಲೂ ಎಲ್ಕ್ ಆಗಾಗ ಬೇಲಿ ದಾಟುತ್ತದೆ, ದೂರುಗಳಿವೆ. ಆದರೂ ಒಂದು ಸಂಗತಿಯನ್ನು ಈ ಎರಡು ಜಾಗಗಳು ತೋರಿಸುತ್ತವೆ. ಹುಲ್ಲನ್ನು ಪ್ರತಿ ವರ್ಷ ಕೊಳ್ಳಬೇಕು, ನೆಲವನ್ನು ಒಮ್ಮೆ ಕೊಂಡರೆ ಸಾಕು. ಮೂರನೆಯ ಶಿಫಾರಸಿನ ಜೊತೆಯಲ್ಲೇ, ಮುಚ್ಚುವ ಪ್ರತಿ ಮೇವುತಾಣಕ್ಕೂ ಎದುರಾಗಿ ಎಷ್ಟು ಎಕರೆ ಚಳಿಗಾಲದ ನೆಲ ಎಂದು ಸಮಿತಿ ಬರೆದಿದ್ದರೆ ರಾಂಚಿನವನೂ ಅದನ್ನು ಕೂತು ಓದುತ್ತಿದ್ದ.

ನೆಲದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಮೊಂಟಾನದಲ್ಲಿ ಹಣವಂತರು ಬಂದು ಹಳೆಯ ರಾಂಚುಗಳನ್ನು ಕೊಳ್ಳುತ್ತಿದ್ದಾರೆ. ದನ ಸಾಕುವುದಕ್ಕಲ್ಲ, ನೋಟಕ್ಕಾಗಿ. ಅವರಲ್ಲಿ ಹಲವರು ಬೇಟೆಗಾರರನ್ನು ಒಳಗೆ ಬಿಡುವುದಿಲ್ಲ. ಎಲ್ಕ್ ದಡ್ಡ ಪ್ರಾಣಿಯಲ್ಲ, ಬಂದೂಕಿನ ಸದ್ದಿಲ್ಲದ ಜಾಗವನ್ನು ಬೇಗ ಕಲಿಯುತ್ತದೆ. ಬೇಟೆಯ ಋತುವಿನಲ್ಲಿ ಸಾರ್ವಜನಿಕ ಅರಣ್ಯ ಬಿಟ್ಟು ಅಲ್ಲಿ ನೂರುಗಟ್ಟಲೆ ಸೇರುತ್ತದೆ. ರಾತ್ರಿ ಪಕ್ಕದ, ನಿಜವಾಗಿ ದನ ಸಾಕುವವನ ಹೊಲದಲ್ಲಿ ಮೇಯುತ್ತದೆ. ದೊಡ್ಡ ಗುಂಪೆಂದರೆ ಮೇವುತಾಣದಂತೆಯೇ ರೋಗಕ್ಕೂ ಅನುಕೂಲ. ಮೊಂಟಾನದಲ್ಲಿ ವಯೋಮಿಂಗ್‌ನಂತೆ ನಗದು ಪರಿಹಾರವಿಲ್ಲ. ಬೇಲಿಗೆ ನೆರವು, ಹೆಚ್ಚುವರಿ ಬೇಟೆಗೆ ಅನುಮತಿ ಸಿಗುತ್ತದೆ, ಅದೂ ಸಾರ್ವಜನಿಕರಿಗೆ ಬೇಟೆಗೆ ಅವಕಾಶ ಕೊಟ್ಟ ಜಮೀನಿನವರಿಗೆ. ಸುಖ ಒಬ್ಬನಿಗೆ, ನಷ್ಟ ನೆರೆಯವನಿಗೆ. ಯಾವ ಲಸಿಕೆ ಇದನ್ನು ಸರಿಪಡಿಸುತ್ತದೆ?

ರಾಂಚಿನವನ ನಷ್ಟ ಎಂಥದು ಎಂಬುದನ್ನೂ ಹೇಳದಿದ್ದರೆ ಅನ್ಯಾಯ. ಹಳೆಯ ನಿಯಮದಂತೆ ಹಿಂಡಿನಲ್ಲಿ ಸೋಂಕು ಕಂಡರೆ ಸಾಮಾನ್ಯವಾಗಿ ಇಡೀ ಹಿಂಡನ್ನೇ ವಧೆಗೆ ಕಳುಹಿಸುತ್ತಿದ್ದರು. ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ ಒಂದು ವಾರದಲ್ಲಿ ಹೋಗುತ್ತಿತ್ತು. ಎರಡು ವರ್ಷಗಳೊಳಗೆ ಎರಡು ಹಿಂಡುಗಳಲ್ಲಿ ಕಂಡರೆ ಇಡೀ ರಾಜ್ಯ 'ರೋಗಮುಕ್ತ' ಎಂಬ ಮಾನ್ಯತೆ ಕಳೆದುಕೊಳ್ಳುತ್ತಿತ್ತು. ವಯೋಮಿಂಗ್ 2004ರಲ್ಲಿ, ಇಡಾಹೊ 2006ರಲ್ಲಿ, ಮೊಂಟಾನ 2008ರಲ್ಲಿ ಹೀಗೆ ಮಾನ್ಯತೆ ಕಳೆದುಕೊಂಡು ಮತ್ತೆ ಪಡೆದವು. ಎಲ್ಕ್ ಕಾಣದ, ನೂರಾರು ಕಿಲೋಮೀಟರ್ ದೂರದ ರೈತನೂ ದನ ಮಾರುವ ಮುನ್ನ ಪರೀಕ್ಷೆ ಮಾಡಿಸಬೇಕಾಯಿತು. 2010ರಲ್ಲಿ ನಿಯಮ ಬದಲಾಯಿತು. ಈಗ ಅಪಾಯವಿರುವ ಪ್ರದೇಶವನ್ನಷ್ಟೇ ಗುರುತಿಸಿ, ಅಲ್ಲಿನ ದನಗಳಿಗೆ ಹೆಚ್ಚಿನ ಪರೀಕ್ಷೆ ಮಾಡುತ್ತಾರೆ. ನಿಯಮ ಹೆಚ್ಚು ನ್ಯಾಯವಾಯಿತು, ಆದರೆ ಭಾರ ಕಡಿಮೆ ಜನರ ಮೇಲೆ ಬಿತ್ತು. ಈ ಪ್ರದೇಶಗಳ ಗಡಿಯನ್ನು ವಿಸ್ತರಿಸಲು ಮೂರು ರಾಜ್ಯಗಳಿಗೂ ಒಂದೇ ಮಾನದಂಡ ಇರಲಿ ಎಂದು ವರದಿ ಕೇಳುತ್ತದೆ. ಸರಿಯಾದ ಮಾತು. ಎಲ್ಕ್‌ಗೆ ರಾಜ್ಯದ ಗಡಿ ತಿಳಿಯದು.

ವರದಿ ಬಂದ ಮೇಲೆ ಏನಾಯಿತು? 2021ರಲ್ಲಿ ವಯೋಮಿಂಗ್ ಶಾಸಕಾಂಗ ಒಂದು ಕಾನೂನು ಮಾಡಿ, ಮೇವುತಾಣವನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವನ್ನು ವನ್ಯಜೀವಿ ಇಲಾಖೆಯ ಕೈಯಿಂದ ತೆಗೆದು ರಾಜ್ಯಪಾಲರಿಗೆ ಒಪ್ಪಿಸಿತು. (ಅಲ್ಲಿ ರಾಜ್ಯಪಾಲ ಎಂದರೆ ಜನರಿಂದ ಚುನಾಯಿತನಾದ, ನಮ್ಮ ಮುಖ್ಯಮಂತ್ರಿಯಂತಹ ಅಧಿಕಾರಿ.) 2024ರಲ್ಲಿ ಇಲಾಖೆ ಮೇವುತಾಣಗಳಿಗಾಗಿ ಒಂದು ದೀರ್ಘಾವಧಿ ಯೋಜನೆಯನ್ನು ಅಂಗೀಕರಿಸಿತು. ಅಷ್ಟರಲ್ಲಿ ಇನ್ನೊಂದು ರೋಗ ಬಾಗಿಲಿಗೆ ಬಂದಿತ್ತು.

ಅದು ಜಿಂಕೆ ಜಾತಿಯ ಪ್ರಾಣಿಗಳು ಸೊರಗಿ ಸಾಯುವ ಕ್ಷಯಕಾರಿ ರೋಗ. ಇದರ ಕಾರಣ ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ತಪ್ಪಾಗಿ ಮಡಚಿಕೊಂಡ, ಪ್ರಿಯಾನ್ ಎಂಬ ಪ್ರೋಟೀನು. 'ಹುಚ್ಚು ದನ' ರೋಗದ ಸಂಬಂಧಿ. 1967ರಲ್ಲಿ ಕೊಲರಾಡೊ ರಾಜ್ಯದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಗಮನಕ್ಕೆ ಬಂತು. ಇದಕ್ಕೆ ಲಸಿಕೆಯಿಲ್ಲ, ಔಷಧವಿಲ್ಲ, ಬಂದ ಪ್ರಾಣಿ ಬದುಕುವುದಿಲ್ಲ. ಪ್ರಿಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 2020ರಲ್ಲಿ ಜಾಕ್ಸನ್ ಪ್ರದೇಶದ ಎಲ್ಕ್ ಒಂದರಲ್ಲಿ ಪತ್ತೆಯಾಗಿತ್ತು. 2024–25ರ ಚಳಿಗಾಲದಲ್ಲಿ ಮೇವುತಾಣಗಳಲ್ಲೇ ಸತ್ತ ಎಲ್ಕ್‌ಗಳಲ್ಲಿ ಕಂಡಿತು. ಮೊದಲು ಕಂಡದ್ದು ಸ್ಕ್ಯಾಬ್ ಕ್ರೀಕ್‌ನಲ್ಲಿ. ಪರೀಕ್ಷಿಸಿ ವಧಿಸುವ ಪ್ರಯೋಗ ನಡೆದ ಮೂರು ತಾಣಗಳಲ್ಲಿ ಅದೂ ಒಂದು.

ಬ್ರುಸೆಲ್ಲಾ ವಿಷಯದಲ್ಲಿ ಕಾಯಬಹುದಿತ್ತು. ಸೋಂಕಿನ ಎಲ್ಕ್ ಒಂದು ಕಂದು ಕಳೆದುಕೊಂಡು ಮುಂದೆ ಬದುಕುತ್ತದೆ, ಮರಿ ಹಾಕುತ್ತದೆ, ಹಿಂಡು ಉಳಿಯುತ್ತದೆ. ಕಷ್ಟವೆಲ್ಲ ದನದವನಿಗೆ. ಪ್ರಿಯಾನ್‌ಗೆ ಅಂಥ ಸೌಜನ್ಯವಿಲ್ಲ. ಮೇವುತಾಣದ ಅದೇ ನೆಲದಲ್ಲಿ ಪ್ರತಿ ವರ್ಷ ಅದೇ ಹಿಂಡು ಬಾಯಿ ಹಾಕುತ್ತದೆ. ಹತ್ತು ವರ್ಷಗಳ ಅವಧಿಯಲ್ಲಿ ಹಂತ ಹಂತವಾಗಿ ಪ್ರಯೋಗ ನಡೆಸುವ ಸಾವಧಾನ ಇನ್ನೆಷ್ಟು ದಿನ ಇದ್ದೀತು? 2017ರ ಸಮಿತಿ ಬರೆಯುವಾಗ ಇದ್ದ ಸಮಯದ ಲೆಕ್ಕ ಈಗಿಲ್ಲ. ಈಗ ಮೂರನೆಯ ವರದಿಯೊಂದನ್ನು ಬರೆಯುವುದಾದರೆ ಅದು ಏಳನೆಯ ಶಿಫಾರಸಿನ ಆ ಅಂಶದಿಂದ, ಆ ಕಣಿವೆಗಳ ಜಮೀನಿನ ನಕ್ಷೆಯಿಂದ, ಆರಂಭವಾಗಬೇಕು.